ಎಂಟುನೂರರ ಮೇಜು

ಗೋಣಿಕೊಪ್ಪದಲ್ಲಿ ಭಾನುವಾರ, ಸಂತೆ ಮುಗಿಯುವ ಹೊತ್ತು.
ಉಮ್ಮರಾಕನ ಹಳೇ ಸಾಮಾನಿನ ಶೆಡ್ಡಿನಲ್ಲಿ
ಒಂದರ ಮೇಲೊಂದು ತಲೆಕೆಳಗಾದ ಕುರ್ಚಿಗಳು,
ಮಾರಲು ತಂದ ಕೋಳಿಗಳ ಹಾಗೆ ಕಾಲು ಮೇಲೆತ್ತಿ.
"ಇದು ಬೀಟೆ," ಅಂದ, ಮೇಜಿನ ಬೆನ್ನು ತಟ್ಟಿ.
"ಬಂಗಲೆಯಿಂದ ಬಂದದ್ದು. ಸಾವಿರದೈನೂರು."

ನಾನು ಮನೆಮನೆಯ ಕರೆಂಟು ಮೀಟರು ಓದುವವಳು.
ಹದಿಮೂರು ವರ್ಷ ಬಂಗಲೆಗಳ ಹೊಸ್ತಿಲಲ್ಲಿ ನಿಂತು
ಬೀಟೆಯನ್ನು ನೋಡಿದ್ದೇನೆ. ಮುಟ್ಟಿಲ್ಲ.
ಮುಟ್ಟಿದ್ದರೆ ಗೊತ್ತಾಗುತ್ತಿತ್ತು.

ಎಂಟುನೂರಕ್ಕೆ ಇಳಿದ.
ಅಷ್ಟು ಬೇಗ ಇಳಿದಾಗಲಾದರೂ ತಿಳಿಯಬೇಕಿತ್ತು.

ಆಟೋಗೆ ಇನ್ನೂರು. ಎತ್ತಿದ ಹುಡುಗನಿಗೆ ಐವತ್ತು.
ಬಾಗಿಲಲ್ಲಿ ಹಿಡಿಯಲಿಲ್ಲ. ದಿನವಿಡೀ ಅಂಕೆ ಬರೆಯುವ ನಾನು
ಅಳತೆ ತೆಗೆದುಕೊಂಡು ಹೋಗಿರಲಿಲ್ಲ.
ಓರೆ ಮಾಡಿ, ಅಡ್ಡ ಮಾಡಿ, ಕಡೆಗೆ ಬಾಗಿಲನ್ನೇ ಕಳಚಿ
ರೋಗಿಯನ್ನು ತರುವ ಹಾಗೆ ಒಳಗೆ ತಂದೆವು.

ಬೆಳಿಗ್ಗೆ ನೆಲದ ಮೇಲೆ ಹಿಟ್ಟು, ರಾಗಿಗಿಂತ ನಯ.
"ಅಮ್ಮ, ಮೇಜು ಪೌಡರ್ ಹಾಕ್ಕೊಂಡಿದೆ," ಅಂದಳು ಜೀವಿತಾ.
ರಾತ್ರಿ ಕಿವಿಯಿಟ್ಟರೆ ಒಳಗೆ ಕಿರ್ರ್ ಕಿರ್ರ್.
ನಮಗಿಂತ ಮೊದಲೇ ಅಲ್ಲಿ ಬಾಡಿಗೆಗಿದ್ದರು ಯಾರೋ,
ಅಡ್ವಾನ್ಸು ಕೊಡದೆ.

ವೇಲಾಯುಧ ಮೇಸ್ತ್ರಿ ಬಂದರು, ಕಿವಿಯಲ್ಲಿ ಪೆನ್ಸಿಲ್ಲು.
ತೋಟದಲ್ಲಿ ಬೋರರಿಗೆ ಹೊಡೆಯುವ ಔಷಧಿ ಬೇಡ, ಮಗು ಬರೆಯುವ ಜಾಗ, ಎಂದರು.
ಟರ್ಪೆಂಟೈನು, ಮೆಡಿಕಲ್ಲಿನ ಸಿರಿಂಜು.
ತೂತಿಗೊಂದು ಇಂಜೆಕ್ಷನ್ನು. ಮಗಳು ಎಣಿಸಿದಳು:
ನೂರಾ ಹದಿನೇಳು.

ಉಜ್ಜಿದೆವು. ಕಂದು ಹೋಯಿತು, ಹಸಿರು ಬಂತು.
ಹಸಿರು ಹೋಯಿತು, ಆಸ್ಪತ್ರೆಯ ನೀಲಿ.
ನೀಲಿಯ ಕೆಳಗೆ ಬಿಳಿಚಿದ ಮರ.
ಮೇಸ್ತ್ರಿ ಮೂಸಿ ನೋಡಿ ಒಂದೇ ಮಾತು: "ಸಿಲ್ವರ್."
ನೆರಳಿಗೆಂದು ನೆಟ್ಟ ಮರ.
ಬದುಕಿದಷ್ಟು ದಿನ ಇನ್ನೊಬ್ಬರ ಮೆಣಸಿನ ಬಳ್ಳಿ ಹೊತ್ತು
ಸತ್ತ ಮೇಲೆ ಬೀಟೆಯ ವೇಷ.
ನನಗೇಕೋ ಸಿಟ್ಟು ಬರಲಿಲ್ಲ ಅದರ ಮೇಲೆ.

ತೂತು ಮುಚ್ಚಲು ಫೆವಿಕಾಲಿಗೆ ಕಾಫಿಪುಡಿ ಕಲಸಿದೆ.
ಬಣ್ಣವೇನೋ ಹೊಂದಿತು.
ಚಿಕೋರಿ ಇದ್ದ ಪುಡಿ; ಇರುವೆ ಸಾಲುಗಟ್ಟಿ ಬಂದವು.

ಕಕ್ಕಡದಲ್ಲಿ ಖಾನೆ ಉಬ್ಬಿ ಕೂತಿತು.
ಎಳೆದರೆ ಹಿಡಿ ಮಾತ್ರ ಕೈಗೆ ಬಂತು.
ಒಳಗೆ ಗಣಿತದ ಪುಸ್ತಕ, ಎಂಟು ದಿನ ಸೆರೆ.
"ದೇವರೇ ಬೀಗ ಹಾಕಿದ್ದಾನೆ," ಅಂದಳು ಜೀವಿತಾ,
ಮುಖದಲ್ಲಿ ದುಃಖದ ಸುಳಿವಿಲ್ಲ.
ಹೇರ್ ಡ್ರೈಯರ್ ಕೇಳಿ ತಂದೆ, ಪಕ್ಕದ ಬ್ಯೂಟಿ ಪಾರ್ಲರಿನಿಂದ.
ಅಂಚಿಗೆ ಮೇಣದ ಬತ್ತಿ ಉಜ್ಜಿದೆ.
ಬೇಸಿಗೆಯಲ್ಲಿ ಅದೇ ಖಾನೆ ಮುಟ್ಟಿದರೆ ಸಾಕು,
ಜಾರಿ ಮೊಣಕಾಲಿಗೆ ಬೀಳುತ್ತದೆ.

ಕುಂಟು ಮಾತ್ರ ಹೋಗಲಿಲ್ಲ.
ಮೇಸ್ತ್ರಿ ಮಟ್ಟಗೋಲು ಇಟ್ಟರು ಮೇಜಿನ ಮೇಲೆ,
ಆಮೇಲೆ ನೆಲದ ಮೇಲೆ. ತುಂಬ ಹೊತ್ತು ಸುಮ್ಮನಿದ್ದರು.
"ನೆಲ ಓರೆ. ನಿಮ್ಮ ಓನರಿನ ನೆಲ ಕೊಯ್ಯೋಕಾಗಲ್ಲ."
ಎರಡು ಕಾಲು ಕೊಯ್ದರು, ಬೆರಳಗಲ ಒಂದು, ನೂಲಿನಷ್ಟು ಒಂದು.
ನಿಂತಿತು. ತುಂಬಿದ ಲೋಟ ಇಟ್ಟು ನೋಡಿದೆವು,
ನೀರು ಅಲುಗಲಿಲ್ಲ.

ಹನ್ನೊಂದು ತಿಂಗಳು.
ಆಮೇಲೆ ಓನರಿನ ಮಗನಿಗೆ ಮನೆ ಬೇಕಾಯಿತು.

ಪೊನ್ನಂಪೇಟೆಯ ಈ ಮನೆಗೆ ಹೊಸ ಟೈಲ್ಸು,
ಕನ್ನಡಿಯಂಥ ಮಟ್ಟ.
ಇಲ್ಲಿ ಮೇಜು ನಡುಗುತ್ತದೆ.
ಓರೆ ನೆಲವನ್ನು ಕಾಲಲ್ಲೇ ಕಟ್ಟಿಕೊಂಡು ಬಂದಿದೆ ಅದು.

ಸಂತೆಯಲ್ಲಿ ಉಮ್ಮರಾಕ ಸಿಕ್ಕಿದ.
"ಹೇಗಿದೆ ಬೀಟೆ?"
"ಬೆಳೀತಾ ಇದೆ," ಅಂದೆ.
ನಕ್ಕ. ನಾನೂ ನಕ್ಕೆ, ಅವನಿಗಿಂತ ಒಂದು ಕ್ಷಣ ತಡವಾಗಿ.

ಈಗ ಹರಿದ ಬಿಲ್ಲಿನ ಕಾಗದ ಮಡಚಿ ಕಾಲಿನಡಿ ಇಡುತ್ತೇವೆ.
ನಾಲ್ಕು ಮಡಿಕೆ ಕಮ್ಮಿ, ಐದು ಹೆಚ್ಚು.
ಜೀವಿತಾ ಎಡ ಮೊಣಕೈ ಊರಿ, ಭಾರ ಕೊಟ್ಟು,
ಭಾಗಾಕಾರ ಮಾಡುತ್ತಾಳೆ.
ಶಾಲೆಯ ಗಟ್ಟಿ ಡೆಸ್ಕಿನ ಮುಂದೆಯೂ ಹಾಗೇ ವಾಲುತ್ತಾಳಂತೆ,
ಟೀಚರು ಮೊನ್ನೆ ಕೇಳಿದರು,
ಬೆನ್ನಿಗೇನಾದರೂ ತೊಂದರೆಯಾ ಎಂದು.