ಆರು ಮಾರು ನೀರು

ಸೇತುವೆ ಆದ ವರ್ಷ ಲಾಂಚಿಗೆ ಕೆಲಸ ತಪ್ಪಿತು,
ನನಗೂ.
ಶರಾವತಿಯ ದಡದಲ್ಲಿ ಬೀಡಿ ಕಟ್ಟು ಮುಗಿಸುತ್ತಿದ್ದ ಒಂದು ಬೆಳಗ್ಗೆ
ಬಂದರು ಕಮಾಂಡರ್ ಗಾಮಪ್ಪ,
ಇಸ್ತ್ರಿ ಮಾಡಿದ ಬಿಳಿ ಅರ್ಧಚಡ್ಡಿ, ಕಂಕುಳಲ್ಲಿ ಸುರುಳಿ ಸುತ್ತಿದ ಕಾಗದ.
'ಅಂತೋಣಿ, ನಿನ್ನ ದೋಣಿ ಸೋರುತ್ತದಾ?'
'ಒಂಚೂರು.'
'ಒಂಚೂರು ಅಂದರೆ ಗಂಟೆಗೆ ಎಷ್ಟು ಲೀಟರು?'

ಇಂಥ ಮನುಷ್ಯ.

ನೌಕಾಪಡೆಯ ಮೂವತ್ತಮೂರು ವರ್ಷದಲ್ಲಿ
ಒಂದು ಗುಂಡೂ ಹಾರಿಸಲಿಲ್ಲವಂತೆ.
ಮುಳುಗಿಸಿದ್ದು ಸೀಸದ ಗುಂಡು ಮಾತ್ರ, ಹಗ್ಗಕ್ಕೆ ಕಟ್ಟಿ.
ಆಮೇಲೆ ಯಂತ್ರ ಬಂತು, ಕೂಗಿ ಕೇಳುವ ಯಂತ್ರ,
ತಳ ಓಗೊಡುವ ತನಕ ಕಿವಿಗೊಟ್ಟು ಕೂರುವುದು.
ಅಂಡಮಾನಿನ ಹವಳದ ಸಂದು, ಕಛ್ ಕೊಲ್ಲಿಯ ಕೆಸರು,
ಯಾರದೋ ಹಡಗು ಯಾವತ್ತೋ ತಾಗಬಾರದ ಬಂಡೆ,
ನಕ್ಷೆಯ ತುಂಬ ಇರುವೆ ಸಾಲಿನಂಥ ಅಂಕಿ.
'ನಾವು ಸರಿಯಾಗಿ ಅಳೆದಿದ್ದರೆ ಏನೂ ಆಗುವುದಿಲ್ಲ' ಎಂದರು,
'ಪದಕ ಕೊಡುವುದು ಏನಾದರೂ ಆದಾಗ.'

ಹಡಗಿನಲ್ಲಿ ಇವರ ಹೆಸರು ಗಾಮಾ.
ಪೋರ್ಚುಗೀಸನ ಮೊಮ್ಮಗ ಅಂತ ನಗುತ್ತಿದ್ದರಂತೆ.
ಊರ ಗಾಮನ ಕಟ್ಟೆಗೆ ಹೊತ್ತ ಹರಕೆಯ ಹೆಸರೆಂದು
ಇವರೂ ಹೇಳಲಿಲ್ಲ.
ಕಟ್ಟೆಯನ್ನು ಎಲ್ಲಿಂದ ತೋರಿಸುವುದು?

ನಾನೂ ಮೂವತ್ತು ವರ್ಷ ಚುಕ್ಕಾಣಿ ಹಿಡಿದವನೇ:
ಈ ದಡ, ಆ ದಡ. ಬಸ್ಸು, ಹಸು, ದಿಬ್ಬಣ,
ನೋವು ಶುರುವಾದ ಬಸುರಿಯರು.
ಆಳ ಎಷ್ಟೆಂದು ಒಮ್ಮೆಯೂ ಕೇಳಿದವನಲ್ಲ,
ತೇಲಿದರೆ ಸಾಕಿತ್ತು.

ಬೇಸಿಗೆ. ನೀರಿಳಿದು ಸತ್ತ ಮರದ ಬೊಡ್ಡೆಗಳು ತಲೆಯೆತ್ತಿದ್ದವು.
ಗುಂಡಿನ ತಳದ ಕುಳಿಗೆ ಅವರು ಸಾಬೂನು ಮೆತ್ತಿದರು.
'ಮೀನಿಗೆ ಸ್ನಾನವಾ?' ಅಂದೆ.
'ತಳದ್ದು ಒಂದಿಷ್ಟು ಅಂಟಿಕೊಂಡು ಬರಲಿ ಅಂತ.'
ಬಿಟ್ಟರು. ಎಳೆದರು. ಎರಡು ಕೈ ಚಾಚಿ ಚಾಚಿ ಅಳೆದರು.
ಇಂಗ್ಲಿಷಿನವರ ಫ್ಯಾದಮ್ಮೂ ನಮ್ಮ ಮಾರೂ ಒಂದೇ ಅಂತೆ,
ಅಪ್ಪಿಕೊಳ್ಳಲು ಚಾಚಿದಷ್ಟು.

ಆರು ಮಾರು, ಕೆಸರು.
ಆರು ಮಾರು, ಕೆಸರು.
ಆರೂಕಾಲು, ಹಂಚಿನ ಪುಡಿ.
ಆರು. 'ಎಡಕ್ಕೆ, ನಿಧಾನ.' ಆರು.
ಬಿಸಿಲು ನೆತ್ತಿಗೇರಿತು. ದೋಣಿಯೊಳಗಿನ ನೀರನ್ನು
ಡಬ್ಬಿಯಲ್ಲಿ ಎತ್ತಿ ಚೆಲ್ಲುತ್ತಿದ್ದೆ. ಲೀಟರು ಎಣಿಸಲಿಲ್ಲ.

ಆಗ ಹಗ್ಗ ಜಾರಿತು.
ಆರು ದಾಟಿತು, ಏಳು, ಎಂಟು,
ಅವರ ಅಂಗೈ ಉಜ್ಜಿಕೊಂಡು ಹತ್ತು,
ಹನ್ನೊಂದಕ್ಕೆ ನಿಂತಿತು.
'ಬಂಡೆಯ ಸಂದಿರಬೇಕು' ಅಂದೆ ನಾನು, ಕತ್ತೆ.
ಅವರು ಹಗ್ಗವನ್ನು ತುಸು ಎತ್ತಿದರು, ಬಿಟ್ಟರು,
ಎತ್ತಿದರು, ಬಿಟ್ಟರು,
ಕೊಡ ಮಗುಚಿ ತುಂಬಿಕೊಂಡಿತೋ ಇಲ್ಲವೋ ಎಂದು
ಹೆಂಗಸರು ನೋಡುವ ಹಾಗೆ.
'ಅಲುಗಾಡಬೇಡ' ಎಂದರು.
ದೋಣಿ ಅಲುಗುತ್ತಿರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಪೆನ್ಸಿಲು ತೆಗೆದು
ಅಂಕಿ ಬರೆದರು. ಪಕ್ಕದಲ್ಲಿ,
ಮರಳು, ಕೆಸರು, ಚಿಪ್ಪು ಎಂದು ಬರೆಯುವ ಜಾಗದಲ್ಲಿ,
ಗುಂಡಾದ ಅಕ್ಷರದಲ್ಲಿ:
ಬಾವಿ. ಹಡಗುಗಳಿಗೆ ಅಪಾಯವಿಲ್ಲ.

ಉಳಿದ ಸಾಬೂನಿನಲ್ಲಿ ಕೈ ತೊಳೆದುಕೊಂಡರು, ಮುಖವನ್ನೂ.
ಹಗ್ಗ ಸುತ್ತಲು ಕೊಟ್ಟು, ನಾನು ಸುತ್ತಿದ್ದು ಸರಿಯಿಲ್ಲವೆಂದು
ಬಿಚ್ಚಿ ತಾವೇ ಸುತ್ತಿದರು.
'ನಾಳೆ ಏಳಕ್ಕೆ. ಏಳೂ ಐದಕ್ಕಲ್ಲ.
ಇನ್ನೂ ಹದಿನಾಲ್ಕು ಮನೆ ಇದೆ.'