ಚೀಟಿಯ ಹಿಂಬದಿ

ತಾರ್ತುವಿನ ಚಳಿ. ಮಸಿಕುಡಿಕೆಯಲ್ಲಿ ಮಂಜುಗಡ್ಡೆ.
ಡಾಕ್ಟರ್ ರೆಬಾನೆ ಕಳಿಸಿದ ಚೀಟಿ:
ಲೀನಾ, ಅಗಸಗಿತ್ತಿ. ಡಿಜಿಟಾಲಿಸ್, ಹನ್ನೆರಡು ಹನಿ.

ಹಿಂಬದಿಯಲ್ಲಿ ಐದು ಗೆರೆ,
ಇರುವೆ ಹತ್ತಿದ ಹಾಗೆ ಚುಕ್ಕಿ:
ಎರಡು, ಒಂದು ಖಾಲಿ, ಮತ್ತೆರಡು.
ಸ್ವರ ಓದಲು ಬಾರದ ನಾನು
ಔಷಧಿಯ ತೂಕವೇನೋ ಎಂದು ತಡಕಾಡಿದೆ.
ಸಂಜೆ ಆತನೇ ಏದುತ್ತ ಬಂದ:
"ಚೀಟಿ ಎಲ್ಲಿ?"

ಮಾರ್ಚಿನಲ್ಲಿ ಕಛೇರಿ.
ಕೊನೆಯ ಬೆಂಚಿನಲ್ಲಿ ಲೀನಾ,
ಸೋಡಾಕ್ಕೆ ಬೆಂದ ಕೈ ಮಡಿಲಲ್ಲಿ.
ಸೆಲ್ಲೋ ಮಂದ್ರಕ್ಕಿಳಿದು, ಎರಡು ಹೆಜ್ಜೆಗೊಮ್ಮೆ ಎಡವಿತು.
ವಾದಕ ತಪ್ಪಿದನೆಂದು
ಮುಂದಿನ ಸಾಲಿನವರು ಕೆಮ್ಮಿದರು.

ಅವಳೊಬ್ಬಳೇ
ಎದೆ ಮುಟ್ಟಿ ನೋಡಿಕೊಂಡಳು.

ಡಾಕ್ಟರ್ ತಿರುಗಲಿಲ್ಲ.
ನಾನು ಕಂಬದ ಮರೆಯಲ್ಲಿ ಕಣ್ಣು ಮುಚ್ಚಿ
ಎಣಿಸಿದೆ, ಮತ್ತೆ ಎಣಿಸಿದೆ.
ಹನ್ನೆರಡು ಹನಿ ಸಾಲದು.