ಹನ್ನೆರಡು ಬೆರಳು

ಗ್ರಿಮ್ಸ್‌ಬಿಯ ಮೀನಿನ ಶೆಡ್ಡಿನಲ್ಲಿ, ಬೆಳಗಿನ ನಾಲ್ಕಕ್ಕೆ
ನಾನು ಡಾಕ್ಟರಲ್ಲ, ಏಳನೇ ಮೇಜು.
ಎದೆಯ ಬಿಲ್ಲೆಯಲ್ಲಿ ಬರೀ ಎಸ್. ಕುಂದರ್.
ಏಪ್ರನ್ನಿನ ಜೇಬಿನಲ್ಲಿ, ಒದ್ದೆಯಾಗದಂತೆ ಪ್ಲಾಸ್ಟಿಕ್ಕು ಸುತ್ತಿ,
ಇವತ್ತಿನ ಚೀಟಿ: ಅನ್ನನಾಳದಿಂದ ಗುದದ್ವಾರದವರೆಗೆ.
ಪರೀಕ್ಷೆಗಿನ್ನು ಹತ್ತೊಂಬತ್ತು ದಿನ.
ನೂರೆಂಬತ್ತು ಪ್ರಶ್ನೆ, ಮೂರು ತಾಸು,
ಒಂದು ಹೊಟ್ಟೆನೋವಿಗೆ ಒಂದೇ ನಿಮಿಷ.

ಇಲ್ಲಿಗೆ ಬರುವ ಕಾಡ್ ಮೀನಿಗೆ ಕರುಳಿರುವುದಿಲ್ಲ,
ಕಡಲಲ್ಲೇ ಬಗೆದು ಎಸೆದಿರುತ್ತಾರೆ.
ಎಲ್ಲೋ ಒಂದು, ಕೈತಪ್ಪಿ, ತುಂಬಿದ ಹೊಟ್ಟೆಯಲ್ಲೇ ಬರುತ್ತದೆ.
ಅವತ್ತು ನನಗೆ ಪಾಠ.
ಕತ್ತಿಯ ತುದಿಯಲ್ಲಿ ಬಿಡಿಸುತ್ತೇನೆ: ಇದು ಜಠರ, ಇದು ಯಕೃತ್ತು,
ಇದು ಪಿತ್ತಕೋಶ, ಒಡೆದರೆ ಮಾಂಸವೆಲ್ಲ ಕಹಿ.
ಅದನ್ನು ಕಾಲೇಜು ಕಲಿಸಿದ್ದಲ್ಲ, ಮಲ್ಪೆಯ ದೊಡ್ಡಮ್ಮ.
ಜಠರದ ಬಾಗಿಲಲ್ಲಿ ಬೆರಳು ಬೆರಳಾಗಿ ಜೋತ ಕುರುಡು ಚೀಲಗಳು.
ಮನುಷ್ಯನಿಗೆ ಅವಿಲ್ಲ. ಅಲ್ಲೊಬ್ಬ ದ್ವಾರಪಾಲ ಮಾತ್ರ, ಪೈಲೋರಸ್,
ಅರೆದದ್ದನ್ನು ಗುಟುಕು ಗುಟುಕಾಗಿ ಒಳಬಿಡುವವ.
ಅವನಾಚೆ ಡುವೊಡಿನಮ್:
ಹನ್ನೆರಡು ಬೆರಳಗಲ ಎಂದು ಹಳಬರು ಇಟ್ಟ ಹೆಸರು.
ಕೈಗವಸಿನ ಮೇಲೆ ಎಣಿಸಿದೆ. ಎರಡು ಕೈ ಸಾಲದು.

ಎಂಟನೇ ಮೇಜು ಮೋರೀನ್. ಅರವತ್ತೊಂದು ವರ್ಷ,
ಮೂವತ್ತೆಂಟು ವರ್ಷದ ಮಂಜುಗಡ್ಡೆ ಬೆರಳ ಗಂಟುಗಳಲ್ಲಿ.
ನೋವಿಗೆ ಐಬುಪ್ರೊಫೆನ್, ಪೆಪ್ಪರ್‌ಮೆಂಟಿನ ಹಾಗೆ, ಬರಿಹೊಟ್ಟೆಗೆ.
"ಎದೆಗುಂಡಿಯ ಕೆಳಗೊಂದು ಇಲಿ ಕೂತಿದೆ ಕಣೇ.
ಬಿಸ್ಕತ್ತು ಹಾಕಿದರೆ ಸುಮ್ಮನಾಗುತ್ತೆ,
ರಾತ್ರಿ ಒಂದಕ್ಕೆ ಎದ್ದು ಮತ್ತೆ ಕಡಿಯುತ್ತೆ."
ನನ್ನ ತಲೆಯೊಳಗೆ ಐದು ಉತ್ತರಗಳು ಸಾಲು ನಿಂತವು.
ತಿಂದರೆ ಏರುವ ನೋವು ಜಠರದ ಹುಣ್ಣು,
ತಿಂದರೆ ಇಳಿಯುವುದು ಡುವೊಡಿನಮ್ಮಿನದು.
ಉಸಿರು ಊದಿಸಿ ಹೆಲಿಕೋಬ್ಯಾಕ್ಟರ್ ಹುಡುಕು.
ಸಿಕ್ಕರೆ ಎರಡು ಆಂಟಿಬಯಾಟಿಕ್, ಆಮ್ಲ ತಗ್ಗಿಸುವ ಮಾತ್ರೆಯೊಂದು, ಏಳು ದಿನ.
ಎಲ್ಲಕ್ಕೂ ಮೊದಲು ಆ ಐಬುಪ್ರೊಫೆನ್ ನಿಲ್ಲಿಸು.
ಬಾಯಿ ತೆರೆದೆ, ಮುಚ್ಚಿದೆ.
ಈ ದೇಶದಲ್ಲಿ ನನ್ನ ನಾಲಿಗೆಗೆ ನೋಂದಣಿ ಸಂಖ್ಯೆ ಇಲ್ಲ.
"ಔಷಧಿ ಅಂಗಡಿಯಲ್ಲಿ ಕೇಳಿ ನೋಡು," ಅಂದೆ.
ಹೇಡಿಯ ಉತ್ತರ. ಅಂಕವಿಲ್ಲ.

ಗುರುವಾರ ಅವಳ ಮುಖಕ್ಕೆ ಮೀನಹೊಟ್ಟೆಯ ಬಿಳುಪು.
ಮೆಟ್ಟಿಲ ಮೇಲೆ ಕುಸಿದು ಕೂತಳು, ಏದುಸಿರು.
ಪಕ್ಕ ಕೂತು ಕೇಳಿದೆ, ಊರ ಆಸ್ಪತ್ರೆಯಲ್ಲಿ ಕೇಳುತ್ತಿದ್ದ ದನಿಯಲ್ಲೇ
(ಎಲ್ಲಿತ್ತೋ ಅದು ಇಷ್ಟು ದಿನ):
ಮೋರೀನ್, ಕಕ್ಕಸಿಗೆ ಹೋದದ್ದು ಯಾವ ಬಣ್ಣ?
"ಕಪ್ಪು. ಧಕ್ಕೆಯ ಟಾರಿನ ಹಾಗೆ. ಅಂಟು ಅಂಟು."
ಕಬ್ಬಿಣದ ಮಾತ್ರೆ ನುಂಗ್ತೀಯಾ? ಇಲ್ಲ.
ನಾಡಿ ನೂರಹದಿನೆಂಟು.

ಮೊದಲ ಭಾಗ, ಹಿಂದಿನ ಗೋಡೆ,
ಅದರ ಬೆನ್ನಿಗೆ ಗ್ಯಾಸ್ಟ್ರೋಡುವೊಡಿನಲ್ ಅಪಧಮನಿ:
ಹಳದಿ ಬಳಿದು ಉರುಹೊಡೆದ ಸಾಲು
ರಬ್ಬರ್ ಬೂಟು ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿತ್ತು.
ಮೇಸ್ತ್ರಿ ಚಹಾ ತಂದ. ಬಾಯಿಗೇನೂ ಕೊಡಬೇಡಿ, ಅಂದೆ.
ಆಂಬುಲೆನ್ಸಿಗೆ ಮೂರು ಒಂಬತ್ತು ಒತ್ತಿದೆ. ಅತ್ತಲಿಂದ ಕೇಳಿದರು,
ನೀವು ಯಾರು?
ಒಂದು ಗುಟುಕು ಪೈಲೋರಸ್ ದಾಟುವಷ್ಟು ಹೊತ್ತು.
ಪಕ್ಕದ ಮೇಜಿನವಳು, ಅಂದೆ.

ಎಂಡೋಸ್ಕೋಪು ಇಳಿಸಿ ಕ್ಲಿಪ್ಪು ಹಾಕಿದರಂತೆ, ಮೂರು ಬಾಟಲಿ ರಕ್ತ.
ಭಾನುವಾರ ವಾರ್ಡಿಗೆ ಹೋದರೆ
ನನ್ನ ಚೀಟಿ ಕಸಿದು, ಕನ್ನಡಕವೇರಿಸಿ, ಪರೀಕ್ಷೆ ಶುರುಮಾಡಿದಳು.
"ಜೆ-ಜು-ನಮ್. ಇದ್ಯಾವ ಊರು?"
ಖಾಲಿ ಅಂತ ಅರ್ಥ. ಹೆಣದ ಹೊಟ್ಟೆ ಸೀಳಿದಾಗ ಅದು ಖಾಲಿ ಇರ್ತಿತ್ತಂತೆ.
"ಥೂ, ನಾನು ಕಸ್ಟರ್ಡ್ ತಿನ್ನುವಾಗ!"
ಎರಡು ಬೆರಳು ಸಾಲ ಕೇಳಿದೆ. ಯಾಕೆಂದು ಕೇಳದೆ ಕೊಟ್ಟಳು,
ಗಂಟುಗಂಟಾದವು, ಸೋಪಿಗೂ ಬಿಡದ ಮೀನಿನ ವಾಸನೆಯವು.
ನನ್ನ ಹತ್ತರ ಪಕ್ಕ ಬಂದು ಕೂತವು.
ಹೊಟ್ಟೆ ತಣ್ಣಗಿರಲಿ ಎಂದು ಹರಸಬೇಕೆನಿಸಿತು.
ಇಂಗ್ಲಿಷಿಗೆ ತಿರುಗಿಸಿದರೆ ಐಸು ನುಂಗೆಂದಂತಾಗುತ್ತದೆ, ಬಿಟ್ಟೆ.
"ಮುಂದಿನದು," ಅಂದಳು ಅವಳು, "ಇಲಿಯಮ್."
ಆ ಪದದೊಳಗೆ ಇಲಿ ಸರಿದಾಡಿದ್ದು
ನನಗೊಬ್ಬಳಿಗೇ ಕೇಳಿಸಿತು.